ಇಲಿ ಊಟ ಬಿಟ್ಟಾಗ

ಸುಮಾರು ನೂರು ವರ್ಷದ ಹಿಂದೆ, ನೀಲಗಿರಿಯ ಕೂನೂರಿನಲ್ಲಿ, ಒಂದು ಗುಂಪು ಇಲಿಗಳು ದಿನವೂ ಕನ್ನಡಿಗರ ಊಟ ಮಾಡುತ್ತಿದ್ದವು. ಬಡಿಸುತ್ತಿದ್ದವರು ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರು. ಇಂಡಿಯಾದ ಬೇರೆ ಬೇರೆ ಸೀಮೆಯ ಜನ ಏನನ್ನು ಹೇಗೆ ಬೇಯಿಸಿ ತಿನ್ನುತ್ತಾರೋ ಅದನ್ನೇ ಹಾಗೆಯೇ ಬೇಯಿಸಿ, ಒಂದೇ ವಯಸ್ಸಿನ, ಒಂದೇ ತೂಕದ ಮರಿಗಳಿಗೆ ಹಾಕಿ, ಯಾವ ಗುಂಪು ಎಷ್ಟು ಬೆಳೆಯಿತೆಂದು ಅವರು ತೂಗಿ ನೋಡಿದರು. ಸಿಖ್ಖರ ಊಟ ಉಂಡ ಇಲಿಗಳ ಸರಾಸರಿ ತೂಕ 235 ಗ್ರಾಂ. ಮದ್ರಾಸಿನ ಊಟ ಉಂಡವು 155ಕ್ಕೇ ನಿಂತವು. ಕನ್ನಡಿಗರ ಊಟದ ಇಲಿಗಳು 185 ಗ್ರಾಂ ತೂಗಿ ನಡುವೆ ಉಳಿದವು. ಮರಾಠರ ಊಟದ ಗುಂಪು ಕನ್ನಡಿಗರ ಗುಂಪಿಗಿಂತ ಸಾಕಷ್ಟು ಮುಂದಿತ್ತು. ಜೋಳದ ರೊಟ್ಟಿ, ತೊಗರಿಬೇಳೆಯ ನಮ್ಮ ಬೀದರ ಜಿಲ್ಲೆಯ ಔರಾದಿನವರನ್ನು ಆ ಪಂಕ್ತಿಯಲ್ಲಿ ಯಾರ ಪಕ್ಕ ಕೂರಿಸಬೇಕೆಂಬುದು ಬೇರೆಯೇ ಚರ್ಚೆ.

ಕೂನೂರಿನ ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಬಂತು. ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ ಎಂದರೆ ಅದೇ. 1920ರಿಂದ ಕಾಪಾಡಿಕೊಂಡು ಬಂದ ಇಲಿಗಳ ವಂಶವೊಂದು ಇಂದಿಗೂ ಅಲ್ಲಿದೆ. ಬೀದರಿನಿಂದ ಅಲ್ಲಿಗೆ ಒಂದೂವರೆ ನೂರು ಕಿಲೋಮೀಟರಿನೊಳಗಿನ ದಾರಿ. ಇಲಿ ಎಷ್ಟು ತಿನ್ನಬೇಕು, ಎಷ್ಟು ಕುಡಿಯಬೇಕು, ಕಡಿಮೆಯಾದರೆ ಏನಾಗುತ್ತದೆ ಎಂಬ ಲೆಕ್ಕ ಮನುಷ್ಯರ ಊಟದ ಲೆಕ್ಕಕ್ಕಿಂತ ನಿಖರವಾಗಿ ಜಗತ್ತಿಗೆ ಗೊತ್ತಿದೆ. ಆದರೆ ಆ ಲೆಕ್ಕ ಪ್ರಯೋಗಶಾಲೆಯ ಕಡತದಲ್ಲೇ ಉಳಿದು, ಇಲಿ ಸಾಕಿದ ಮನೆಗೆ ಬಂದಿಲ್ಲ.

ಇಲಿ ಸಾಕುವುದು ಹೊಸ ಹುಚ್ಚೇನಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಜ್ಯಾಕ್ ಬ್ಲ್ಯಾಕ್ ಎಂಬ ಇಲಿ ಹಿಡಿಯುವವನು ಚಂದದ ಬಣ್ಣದ ಇಲಿಗಳನ್ನು ಕೊಲ್ಲದೆ ಸಾಕಿ ಮಾರುತ್ತಿದ್ದ. 1901ರಲ್ಲಿ ಇಂಗ್ಲೆಂಡಿನ ಎಲ್ಸ್‌ಬರಿಯಲ್ಲಿ ಸಾಕಿದ ಇಲಿಗಳ ಸ್ಪರ್ಧೆಯೇ ನಡೆಯಿತು. ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ 1908ರ ತಮ್ಮ ಪುಸ್ತಕವೊಂದನ್ನು ಅರ್ಪಿಸಿದ್ದು ತಾವು ಸಾಕಿದ್ದ ಸ್ಯಾಮಿ ಎಂಬ ಇಲಿಗೆ. ಬೀದರಿನಂಥ ಊರಿನಲ್ಲಿ ಬಿಳಿ ಇಲಿ ಸಾಕಿದ ಹುಡುಗನಿಗೆ ಇದೆಲ್ಲ ನೆರವಿಗೆ ಬರುವುದಿಲ್ಲ, ನಿಜ. ಅದಕ್ಕೆ ಕಾಯಿಲೆಯಾದ ದಿನ ಓಣಿಯವರು ಕೇಳುವುದು ಒಂದೇ ಮಾತು: "ಇಲಿಗಿ ಭೀ ದವಾಖಾನಿ ಏನ್ರಿ?"

ಹೌದು, ಇಲಿಗೂ ದವಾಖಾನೆ. ಅಲ್ಲಿಗೆ ಮುಟ್ಟುವ ತನಕ, ಮುಟ್ಟಿ ಮನೆಗೆ ಮರಳಿದ ಮೇಲೂ, ಅದನ್ನು ಬದುಕಿಸುವ ಕೆಲಸದ ಬಹುಪಾಲು ಮನೆಯವರದೇ. ಆ ಕೆಲಸ ಬಹಳ ಸಲ ಕೆಡುವುದು ನಿರ್ಲಕ್ಷ್ಯದಿಂದಲ್ಲ, ಅವಸರದ ಪ್ರೀತಿಯಿಂದ. ಉಣ್ಣದ ಮಗುವಿನ ಬಾಯಿಗೆ ತುತ್ತು ತುರುಕುವ ಕೈಯೇ ಉಣ್ಣದ ಇಲಿಯ ಬಾಯಿಗೂ ತುರುಕುತ್ತದೆ. ಇಲಿಯ ವಿಷಯದಲ್ಲಿ ಊಟ ಮೂರನೆಯದು. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ನೀರು ಒಳಗೆ ಹೋಗಬೇಕು, ಆಮೇಲೆ ಊಟ. ಈ ಸರದಿ ತಪ್ಪಿದರೆ ಒಳ್ಳೆಯ ಆಹಾರವೂ ಹೊರೆಯಾಗುತ್ತದೆ.

ಮೊದಲು ಅಳತೆಗಳು. ಬೆಳೆದ ಹೆಣ್ಣಿಲಿ 250ರಿಂದ 300 ಗ್ರಾಂ ತೂಗುತ್ತದೆ, ಗಂಡು 500ರವರೆಗೂ ಹೋಗುವುದುಂಟು. ಆರೋಗ್ಯವಾಗಿರುವ ಇಲಿ ತನ್ನ ತೂಕದ ಪ್ರತಿ 100 ಗ್ರಾಂಗೆ ದಿನಕ್ಕೆ 10ರಿಂದ 12 ಮಿಲಿಲೀಟರ್ ನೀರು ಕುಡಿಯುತ್ತದೆ, 5ರಿಂದ 6 ಗ್ರಾಂ ಒಣ ಆಹಾರ ತಿನ್ನುತ್ತದೆ. 300 ಗ್ರಾಂ ಇಲಿಗೆ ದಿನಕ್ಕೆ 30 ಮಿಲಿಲೀಟರಿಗೂ ಮಿಕ್ಕ ನೀರು, 15ರಿಂದ 18 ಗ್ರಾಂ ಊಟ ಎಂದಾಯಿತು. ಅದರ ಎದೆ ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಇಂಥ ಜೀವ ಒಂದು ದಿನ ಏನೂ ತಿನ್ನದಿದ್ದರೆ ತೂಕದಲ್ಲಿ ಹತ್ತರಲ್ಲೊಂದು ಪಾಲು ಇಳಿದುಹೋಗಬಹುದು. 'ನಾಳೆ ನೋಡೋಣ' ಎಂಬ ಮಾತು ಎಮ್ಮೆಯ ವಿಷಯದಲ್ಲಿ ನಡೆದೀತು, ಇಲಿಯ ವಿಷಯದಲ್ಲಿ ನಡೆಯದು.

ಕಾಯಿಲೆ ಬಿದ್ದ ಇಲಿ ಬೆನ್ನು ಬಾಗಿಸಿ, ಕೂದಲು ನಿಮಿರಿಸಿ ಮೂಲೆ ಹಿಡಿಯುತ್ತದೆ. ಕಣ್ಣು, ಮೂಗಿನ ಸುತ್ತ ಕೆಂಪಗೆ ಕಟ್ಟಿಕೊಂಡಿರುತ್ತದೆ. ಅದನ್ನು ನೋಡಿ ರಕ್ತವೆಂದು ಮನೆಯವರು ಗಾಬರಿಯಾಗುತ್ತಾರೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಕೆಂಪು ವಸ್ತು. ನೋವು, ಭಯ, ಜಡ್ಡು ಯಾವುದಿದ್ದರೂ ಅದು ಹೆಚ್ಚಾಗುತ್ತದೆ. ಹಸಿಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಆದರೆ ಅದು ಕೊಟ್ಟ ಎಚ್ಚರಿಕೆಯನ್ನು ಒರೆಸಿಬಿಡಬಾರದು. ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ತಿಳಿಯಲು ಹೆಗಲ ಮೇಲಿನ ತೊಗಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಬೇಕು. ಆರೋಗ್ಯವಿದ್ದರೆ ತಟ್ಟನೆ ಕೂರುತ್ತದೆ. ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿದರೆ, ಕಣ್ಣು ಗುಳಿ ಬಿದ್ದಿದ್ದರೆ, ಹಾಸಿದ ಬಟ್ಟೆ ಹೊತ್ತು ಕಳೆದರೂ ಒದ್ದೆಯಾಗದಿದ್ದರೆ ನೀರು ಸಾಲದು ಎಂದೇ ಅರ್ಥ.

ಇನ್ನು ಬೆಚ್ಚಗಿಡುವ ಮಾತು. ಬೀದರಿನ ಡಿಸೆಂಬರ್, ಜನವರಿಯ ರಾತ್ರಿಗಳು ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ರಾತ್ರಿಗಳ ಸಾಲಿಗೆ ಸೇರುತ್ತವೆ, 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಇಲಿಯ ಮೈ ಇರಬೇಕಾದದ್ದು 37, 38 ಡಿಗ್ರಿಯ ಹತ್ತಿರ. ಜಡ್ಡಿನ ಇಲಿಯ ಕಿವಿ, ಪಾದ, ಬಾಲ ಮುಟ್ಟಿ ನೋಡಿದಾಗ ತಣ್ಣಗಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಮೈ ತಣಿದಾಗ ಕರುಳಿನ ಕೆಲಸವೂ ಮಂದವಾಗಿ, ಹಾಕಿದ್ದು ಹೊಟ್ಟೆಯಲ್ಲೇ ಕೂರುತ್ತದೆ. ಬಾಟಲಿಗೆ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ, ಡಬ್ಬಿಯ ಒಂದೇ ಬದಿಗೆ ಇಡಬೇಕು. ಇನ್ನೊಂದು ಬದಿ ಖಾಲಿ ಇರಲಿ, ಸೆಕೆಯೆನಿಸಿದರೆ ಅದು ಸರಿದುಕೊಳ್ಳಲಿ. ಮೇಲಿಂದ ಬಲ್ಬ್ ಸುಡುವ ಹಾಗೆ ಹಾಕುವುದು ಬೇಡ. ಜಡ್ಡಿನ ಇಲಿಗೆ ಓಡಿಹೋಗುವ ತ್ರಾಣವಿರುವುದಿಲ್ಲ.

ಏಪ್ರಿಲ್, ಮೇ ಬಂದರೆ ಪಾಠ ತಿರುವುಮುರುವು. ಆಗ ಮಧ್ಯಾಹ್ನದ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ತಗಡು ಹೊದಿಸಿದ ಕೋಣೆಯಲ್ಲಿ ಅದಕ್ಕಿಂತ ಹೆಚ್ಚು. ಇಲಿಗೆ ನಮ್ಮ ಹಾಗೆ ಬೆವರುವುದು ಗೊತ್ತಿಲ್ಲ. ಬಾಲದ ಮೂಲಕ ಒಂದಷ್ಟು ಶಾಖ ಕಳೆಯುತ್ತದೆ, ಅದೂ ಸಾಲದಿದ್ದರೆ ತನ್ನ ಜೊಲ್ಲನ್ನೇ ಮೈಗೆ ಸವರಿಕೊಳ್ಳುತ್ತದೆ. ಗದ್ದ, ಎದೆ ಒದ್ದೆಯಾಗಿ ಚಾಚಿ ಮಲಗಿದ ಇಲಿ ಮೈಯಲ್ಲಿರುವ ನೀರನ್ನು ಖರ್ಚು ಮಾಡಿ ಮೈ ತಂಪು ಮಾಡಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಅದನ್ನು ನೆರಳಿಗೆ ತಂದು, ಸಾದಾ ನೀರಲ್ಲಿ ಹಿಂಡಿದ ಬಟ್ಟೆಯನ್ನು ಬಾಲಕ್ಕೂ ಪಾದಕ್ಕೂ ಸೋಕಿಸಬೇಕು. ಐಸ್ ಬೇಡ. ಕೂಲರಿನ ಗಾಳಿಗೆ ನೇರವಾಗಿ ಮುಖ ಮಾಡಿ ಇಡುವುದೂ ಬೇಡ.

ನೀರಿನ ವಿಷಯಕ್ಕೆ ಬಂದರೆ, ಔಷಧ ಅಂಗಡಿಯ ಓಆರ್‌ಎಸ್ ಪುಡಿಯ ಕತೆಯನ್ನು ಹೇಳಲೇಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವಿನಲ್ಲಿ ತುಂಬಿದ್ದಾಗ ಕಾಲರಾ ಹಬ್ಬಿತು. ಸಲೈನ್ ಬಾಟಲಿ ಮುಗಿಯುತ್ತ ಬಂದವು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಕಡೆಯವರಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು ಅವರ ಶಿಬಿರದಲ್ಲಿ 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಆ ನೀರು ಕೆಲಸ ಮಾಡುವ ಗುಟ್ಟನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಬಿಡಿಸಿದ್ದರು. ಕರುಳಿನ ಗೋಡೆಯಲ್ಲಿ ಸಕ್ಕರೆಯೂ ಉಪ್ಪಿನ ಸೋಡಿಯಮ್ಮೂ ಜೊತೆಯಾಗಿಯೇ ಒಳಗೆ ಹೋಗುತ್ತವೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ಕ್ರೇನ್ ಇದನ್ನು ನೋಡಿದ್ದು ಹ್ಯಾಮ್‌ಸ್ಟರ್ ಎಂಬ ಇಲಿಯ ನೆಂಟನ ಕರುಳಿನಲ್ಲಿ. ಮೂಷಿಕ ಕುಲದಿಂದ ಕಲಿತ ವಿದ್ಯೆಯನ್ನು ಮತ್ತೆ ಮೂಷಿಕಕ್ಕೆ ಹಚ್ಚುವುದರಲ್ಲಿ ತಪ್ಪೇನಿಲ್ಲ.

ಒಂದು ಲೀಟರಿನ ಪೊಟ್ಟಣವಾದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಬೇಕು. ಇಲಿ ಸಣ್ಣದೆಂದು ಚಮಚದಲ್ಲಿ ಒಂದಿಷ್ಟು ಪುಡಿ ತೆಗೆದು ಲೋಟಕ್ಕೆ ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ. ಇಲಿಗೆ ಬೇಕಾದದ್ದು 30 ಮಿಲಿಲೀಟರ್, ಉಳಿದದ್ದು ಚೆಲ್ಲಿದರೂ ಚಿಂತೆಯಿಲ್ಲ. 200 ಮಿಲಿಲೀಟರಿನ ಸಣ್ಣ ಪೊಟ್ಟಣವೂ ಸಿಗುತ್ತದೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು. ಪುಡಿ ಸಿಗದ ಹಳ್ಳಿಯಲ್ಲಿ ಒಂದು ಲೀಟರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಕ್ಕಳಿಗೆ ಹೇಳುವ ಅಳತೆಯೇ ಇದು. ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಮಾತ್ರ ಬೇಡ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಅಚ್ಚು ಹಾಕುವುದನ್ನೇ ನಿಲ್ಲಿಸಿತು. ಮಗುವಿಗೆ ಆಗದ್ದು ಇಲಿಗೂ ಆಗದು.

ಸಾದಾ ನೀರು, ಓಆರ್‌ಎಸ್ ಎರಡನ್ನೂ ಪಕ್ಕಪಕ್ಕದಲ್ಲಿ ಇಡುವುದು ಜಾಣತನ. ಇಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಲ್ಲದು. ಅಮೆರಿಕದ ಬಾಲ್ಟಿಮೋರಿನಲ್ಲಿ ಕರ್ಟ್ ರಿಕ್ಟರ್ 1936ರಲ್ಲಿ ಇದನ್ನು ತೋರಿಸಿದ್ದರು. ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ, ಅವು ಸಾಯುತ್ತವೆ. ಆದರೆ ಉಪ್ಪುನೀರಿನ ಬಟ್ಟಲನ್ನೂ ಇಟ್ಟಾಗ ಅವು ಅದನ್ನೇ ಕುಡಿದು ಬದುಕಿದವು. ಇನ್ನೊಂದು ಮಾತು: ಗೂಡಿಗೆ ಸಿಕ್ಕಿಸುವ ಕೊಳವೆ ಬಾಟಲಿಯ ತುದಿಯ ಗುಂಡನ್ನು ನಾಲಿಗೆಯಿಂದ ಒತ್ತಲು ಜಡ್ಡಿನ ಇಲಿಗೆ ಶಕ್ತಿ ಸಾಲದು. ಬಾಟಲಿ ತುಂಬಿದ್ದರೂ ಇಲಿ ಬಾಯಾರಿ ಒಣಗುತ್ತದೆ. ಡಬ್ಬಿಯ ಮುಚ್ಚಳದಂಥ ತಗ್ಗು ತಟ್ಟೆಯಲ್ಲಿ ನೀರಿಡಬೇಕು. ಸೌತೆಕಾಯಿಯ ತೆಳು ಹೋಳು, ಬೇಸಿಗೆಯಲ್ಲಿ ಕಲ್ಲಂಗಡಿಯ ತುಣುಕು ಇಟ್ಟರೆ ಕುಡಿಯದ ಇಲಿಯೂ ಮೆಲ್ಲುತ್ತದೆ. ಅವೆರಡರಲ್ಲೂ ಬಹುತೇಕ ನೀರೇ.

ತಾನಾಗಿ ಕುಡಿಯದಿದ್ದರೆ ಸಿರಿಂಜು. ಇಲ್ಲಿಯೇ ಹೆಚ್ಚು ಇಲಿಗಳು ಕೈತಪ್ಪುವುದು. ದನಕ್ಕೆ ಔಷಧ ಹಾಕುವ ಬಿದಿರಿನ ಗೊಟ್ಟ ಬೀದರ ಜಿಲ್ಲೆಯ ರೈತರಿಗೆ ಹೊಸದಲ್ಲ. ಮುಖ ಎತ್ತಿಹಿಡಿದು, ಗೊಟ್ಟ ಬಗ್ಗಿಸಿ ಸುರಿಯುವುದು ವಾಡಿಕೆ. ಹಾಗೆ ಸುರಿದಾಗ ಔಷಧ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆಂದು ಪಶುವೈದ್ಯರು ಎಚ್ಚರಿಸುತ್ತಲೇ ಇರುತ್ತಾರೆ. ಇಲಿಗಂತೂ ಆ ಅಪಾಯ ಇನ್ನೂ ಹೆಚ್ಚು. ಅದು ಉಸಿರಾಡುವುದು ಮೂಗಿನಿಂದಲೇ, ವಾಂತಿ ಮಾಡಿ ಹೊರಹಾಕಲು ಅದಕ್ಕೆ ಬಾರದು. ಸಾಕಿದ ಇಲಿಗಳಲ್ಲಿ ಮೈಕೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಶ್ವಾಸಕೋಶದ ಕಾಯಿಲೆ ಬಹಳ ಸಾಮಾನ್ಯ. ಮೊದಲೇ ಕೆಟ್ಟ ಪುಪ್ಪುಸಕ್ಕೆ ಒಂದು ಹನಿ ಗಂಜಿ ಇಳಿದರೂ ಕೆಲಸ ಕೆಟ್ಟಿತು.

ಹಾಗಾಗಿ ಗೊಟ್ಟದ ಕೈವಾಡವನ್ನು ಮರೆಯಬೇಕು. ಬೇಕಾದದ್ದು ಸೂಜಿ ತೆಗೆದ 1 ಮಿಲಿಲೀಟರ್ ಸಿರಿಂಜು. ಇನ್ಸುಲಿನ್ ಸಿರಿಂಜಿನಲ್ಲಿ ಬಹಳ ಸಲ ಸೂಜಿ ಅಂಟಿಕೊಂಡೇ ಬರುತ್ತದೆ, ಅದು ಆಗದು. ಸೂಜಿ ಬಿಚ್ಚಲು ಬರುವುದನ್ನೇ ಕೇಳಿ ತರಬೇಕು. ಇಲಿಯನ್ನು ಮೆತ್ತನೆಯ ಟವೆಲಿನಲ್ಲಿ ಮೂಗು ಹೊರಗಿರುವಂತೆ ಸುತ್ತಿ, ಅದು ನಾಲ್ಕು ಕಾಲ ಮೇಲೆ ಕೂತ ಹಾಗೆಯೇ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಅಂಗಾತ ಮಲಗಿಸಕೂಡದು, ತಲೆ ಹಿಂದಕ್ಕೆ ಎತ್ತಕೂಡದು. ಮುಂದಿನ ಉದ್ದ ಹಲ್ಲುಗಳ ಹಿಂದೆ, ದವಡೆ ಹಲ್ಲುಗಳ ಮುಂದೆ, ಖಾಲಿ ಜಾಗವಿರುತ್ತದೆ. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಅಲ್ಲಿಗೆ ತಂದು, ಗಂಟಲ ಕಡೆಗಲ್ಲ, ಎದುರು ಕೆನ್ನೆಯ ಕಡೆಗೆ ತಿರುಗಿಸಬೇಕು. ಒಂದು ಹನಿ. ನುಂಗಿತೇ? ಇನ್ನೊಂದು ಹನಿ. ಮೂಗಲ್ಲಿ ಗುಳ್ಳೆ ಬಂದರೆ, ಉಸಿರಿನಲ್ಲಿ ಕಟಕಟ ಸದ್ದು ಕೇಳಿದರೆ ಕೂಡಲೇ ನಿಲ್ಲಿಸಿ ತಲೆ ಕೆಳಗಾಗುವಂತೆ ಬಾಗಿಸಿ, ಮೂಗು ಒರೆಸಬೇಕು. ಅವತ್ತು ಬಾಯಿಂದ ಕೊಡುವುದು ಅಲ್ಲಿಗೇ ಮುಗಿಯಿತು, ಮುಂದಿನದು ವೈದ್ಯರ ಕೆಲಸ. ಎಚ್ಚರ ತಪ್ಪಿದ, ನುಂಗಲಾಗದ ಇಲಿಗೆ ಬಾಯಿಂದ ಏನನ್ನೂ ಕೊಡಬಾರದು.

ಒಂದು ಸಲಕ್ಕೆ 1 ಅಥವಾ 2 ಮಿಲಿಲೀಟರ್, ಎರಡು ಗಂಟೆಗೊಮ್ಮೆ. ಕೊಡುವುದು ಉಗುರುಬೆಚ್ಚಗಿರಲಿ. ಹಗಲೆಲ್ಲ ಹೀಗೆ ಕೊಟ್ಟರೂ 30 ಮಿಲಿಲೀಟರ್ ಆಗುವುದು ಕಷ್ಟ ಎಂದು ಲೆಕ್ಕ ಹಾಕಿದವರಿಗೆ ತಿಳಿಯುತ್ತದೆ. ಆ ಕೊರತೆಯನ್ನು ತುಂಬುವುದು ವೈದ್ಯರು ಚರ್ಮದ ಕೆಳಗೆ ಕೊಡುವ ಸಲೈನ್. ಹೆಗಲ ಹಿಂದಿನ ಸಡಿಲ ತೊಗಲಿನ ಕೆಳಗೆ ಒಂದು ಜಾಗದಲ್ಲಿ 5ರಿಂದ 10 ಮಿಲಿಲೀಟರ್ ಹಿಡಿಯುತ್ತದೆ. ಗಡ್ಡೆಯಂತೆ ಉಬ್ಬಿದ್ದು ಕೆಲವು ಗಂಟೆಯಲ್ಲಿ ಇಂಗಿಹೋಗುತ್ತದೆ. ಮನೆಯಲ್ಲಿ ಇದನ್ನು ಮಾಡುವವರಿದ್ದಾರೆ, ಆದರೆ ವೈದ್ಯರ ಎದುರು ಕಲಿತ ಮೇಲೆ ಮಾತ್ರ.

ಈಗ ಊಟ. ನಮ್ಮ ಕಡೆ ಜಡ್ಡಿಗೆ ಮೊದಲು ನೆನಪಾಗುವುದು ಜೋಳದ ಅಂಬಲಿ ಅಥವಾ ನುಚ್ಚಿನ ತಿಳಿಗಂಜಿ. ಇಲಿಗೆ ಅದು ನೀರಿನ ಲೆಕ್ಕಕ್ಕೆ ಒಳ್ಳೆಯದು, ಊಟದ ಲೆಕ್ಕಕ್ಕಲ್ಲ. 300 ಗ್ರಾಂ ಇಲಿಗೆ ದಿನಕ್ಕೆ ಸುಮಾರು 50 ಕಿಲೋ ಕ್ಯಾಲರಿ ಬೇಕು. ಒಂದು ಲೀಟರ್ ನೀರಿಗೆ 50 ಗ್ರಾಂ ಜೋಳದ ಹಿಟ್ಟು ಹಾಕಿ ಕಾಯಿಸಿದ ತೆಳು ಅಂಬಲಿಯಲ್ಲಿ ಇರುವುದು ಒಟ್ಟು 175 ಕಿಲೋ ಕ್ಯಾಲರಿಯಷ್ಟು. ದಿನದ ಪಾಲು ಅದರಿಂದಲೇ ಸಿಗಬೇಕಾದರೆ ಇಲಿ ಹೆಚ್ಚುಕಡಿಮೆ ತನ್ನ ಮೈತೂಕದಷ್ಟು ಅಂಬಲಿ ಕುಡಿಯಬೇಕು. ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಮಾತ್ರ ಇಳಿಯುತ್ತ ಹೋಗುತ್ತದೆ.

ಅದಕ್ಕೇ ಗಟ್ಟಿಯಾದದ್ದು ಬೇಕು. ಕೂಸಿನ ಸಿರಿಯಲ್ ಪುಡಿಯ 12 ಗ್ರಾಮಿನಲ್ಲೇ ಸುಮಾರು 50 ಕಿಲೋ ಕ್ಯಾಲರಿ ಇರುತ್ತದೆ. ಬೇಯಿಸಿದ ಒಂದು ಕೋಳಿಮೊಟ್ಟೆಯ ಹಳದಿಯಲ್ಲೂ ಹತ್ತಿರ ಹತ್ತಿರ ಅಷ್ಟೇ. ಹಾಗೆಂದು ಪೂರ್ತಿ ಹಳದಿಯನ್ನು ಒಮ್ಮೆಗೇ ಹಾಕಿದರೆ ಜಡ್ಡಿನ ಕರುಳಿಗೆ ಕೊಬ್ಬು ಹೆಚ್ಚು, ಕಾಲು ಪಾಲು ಸಾಕು. ಇಲಿಯ ದಿನದ ಆಹಾರದ ಗುಳಿಗೆಗಳನ್ನೇ ಪುಡಿ ಮಾಡಿ ಬಿಸಿನೀರಲ್ಲಿ ನೆನೆಸಿದರೆ ಎಲ್ಲಕ್ಕಿಂತ ಮೇಲು. ಕಿವುಚಿದ ಬಾಳೆಹಣ್ಣು, ಉಪ್ಪು ಖಾರವಿಲ್ಲದೆ ಬೇಯಿಸಿದ ಹೆಸರುಬೇಳೆ, ಮೆತ್ತನೆಯ ಅನ್ನ ಇವನ್ನು ಬೆರೆಸಬಹುದು. ಒಗ್ಗರಣೆ ಬೇಡ, ಬೆಳ್ಳುಳ್ಳಿ ಈರುಳ್ಳಿ ಬೇಡ. ಶೇಂಗಾ ಅರೆದ ಮುದ್ದೆಯನ್ನು ಇಲಿಗಳು ಆಸೆಪಟ್ಟು ತಿನ್ನುತ್ತವೆ, ಆದರೆ ಅಂಟು ಗಂಟಲಲ್ಲಿ ಕೂತರೆ ಕಕ್ಕಲು ಬಾರದ ಪ್ರಾಣಿಗೆ ಕಷ್ಟ. ತೆಳ್ಳಗೆ ಕದಡಿಯೇ ಕೊಡಬೇಕು. ಬೆರಳ ತುದಿಯಿಂದಲೋ ಚಮಚದಿಂದಲೋ ತಾನೇ ನೆಕ್ಕಿದರೆ ಸಿರಿಂಜನ್ನು ಪಕ್ಕಕ್ಕಿಡಿ. ನೆಕ್ಕುವ ಇಲಿಗೆ ತುರುಕುವ ಅಗತ್ಯವಿಲ್ಲ. ಮೂತ್ರಪಿಂಡ ಸೋತ ಮುದಿ ಇಲಿಗೆ ಮೊಟ್ಟೆ, ಬೇಳೆ ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು.

ಭಾಲ್ಕಿ, ಔರಾದಿನ ತೊಗರಿ, ಸೋಯಾ ಬೆಳೆಗಾರರಿಗೆ ಇಲಿಯ ನಾಲಿಗೆಯ ವಿಷಯದಲ್ಲಿ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೊಲದ ಬಿಲಕ್ಕೆ ಪಾಷಾಣ ಇಡುವ ಮೊದಲು ಎರಡು ಮೂರು ದಿನ ಪಾಷಾಣವಿಲ್ಲದ ಬರೀ ತಿನಿಸನ್ನು ಇಟ್ಟು ರೂಢಿ ಮಾಡಿಸಬೇಕು. ಹೊಸದನ್ನು ಇಲಿ ನಂಬುವುದಿಲ್ಲ, ಚೂರು ಕಚ್ಚಿ ಕಾದು ನೋಡುತ್ತದೆ. ಹೊಟ್ಟೆ ಕೆಟ್ಟರೆ ಆ ರುಚಿಯ ಹತ್ತಿರವೇ ಸುಳಿಯುವುದಿಲ್ಲ. ಜಾನ್ ಗಾರ್ಸಿಯಾ ಎಂಬ ಅಮೆರಿಕದ ಮನೋವಿಜ್ಞಾನಿ ಇದನ್ನೇ 1955ರಲ್ಲಿ ಪ್ರಯೋಗದಿಂದ ತೋರಿಸಿದರು. ಸಿಹಿನೀರು ಕುಡಿದ ಇಲಿಗಳಿಗೆ ವಿಕಿರಣ ತಾಗಿಸಿ ಹೊಟ್ಟೆ ತೊಳಸುವಂತೆ ಮಾಡಿದಾಗ, ಅವು ಮುಂದೆ ಸಿಹಿನೀರನ್ನೇ ದೂರವಿಟ್ಟವು. ಕಾಯಿಲೆ ತಂದದ್ದು ಆ ನೀರಲ್ಲ, ಆದರೂ ನೀರಿನ ಮೇಲೇ ಅನುಮಾನ.

ಕೊಲ್ಲಲು ಕಲಿತ ಈ ಪಾಠ ಉಳಿಸುವುದಕ್ಕೂ ಬರುತ್ತದೆ. ಕಹಿ ಔಷಧವನ್ನು ಇಲಿಯ ಅಚ್ಚುಮೆಚ್ಚಿನ ಬಾಳೆಹಣ್ಣಿನಲ್ಲಿ ಬಚ್ಚಿಟ್ಟು ಕೊಟ್ಟರೆ ಔಷಧವೂ ಹೋಗುವುದಿಲ್ಲ, ಬಾಳೆಹಣ್ಣೂ ಕೈಬಿಟ್ಟುಹೋಗುತ್ತದೆ. ಉಳಿದದ್ದು ಒಂದೆರಡೇ ತಿನಿಸು ಎಂಬ ಹೊತ್ತಿನಲ್ಲಿ ಅದು ದೊಡ್ಡ ನಷ್ಟ. ಔಷಧಕ್ಕೆ ಬೇರೆಯೇ ಒಂದು ರುಚಿ, ಬೇರೆಯೇ ಒಂದು ಹೊತ್ತು ಇರಲಿ. ಇನ್ನೂ ಒಳ್ಳೆಯದೆಂದರೆ, ಇಲಿ ಚೆನ್ನಾಗಿರುವಾಗಲೇ ಸಿರಿಂಜಿನಿಂದ ವಾರಕ್ಕೊಮ್ಮೆ ಸಿಹಿಯಾದ ಏನನ್ನಾದರೂ ನೆಕ್ಕಿಸಿ ರೂಢಿ ಮಾಡಿಸುವುದು. ಹೊಲದವರ ಉಪಾಯವೇ ಇದು, ಕೊನೆ ಮಾತ್ರ ಬೇರೆ.

ಮನೆಯಲ್ಲಿ ಪಾಷಾಣ ಇಟ್ಟಿದ್ದರೆ, ಸಾಕಿದ ಇಲಿ ಅದನ್ನು ತಿಂದಿರಬಹುದೆಂಬ ಅನುಮಾನವಿದ್ದರೆ, ಮೇಲಿನ ಯಾವ ಉಪಚಾರಕ್ಕೂ ಕಾಯದೆ ಪೊಟ್ಟಣದ ಸಮೇತ ವೈದ್ಯರಲ್ಲಿಗೆ ಓಡಬೇಕು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯ ಪಾಷಾಣಕ್ಕೆ ವಿಟಮಿನ್ ಕೆ ಎಂಬ ಮದ್ದಿದೆ. ಬೇರೆ ಜಾತಿಯದಕ್ಕೆ ಅದು ನಾಟುವುದಿಲ್ಲ.

ಇಲಿ ಊಟ ಬಿಟ್ಟಿತೆಂದರೆ ಹಸಿವಿಲ್ಲ ಎಂದೇ ಅಲ್ಲ. ಅದರ ಮುಂದಿನ ಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರ್ ಬೆಳೆಯುತ್ತಲೇ ಇರುತ್ತದೆ. ಸವೆಯದೆ ಬಾಗಿದರೆ ಬಾಯಿ ಮುಚ್ಚಲೂ ಆಗುವುದಿಲ್ಲ. ಅದನ್ನು ಕತ್ತರಿಸುವುದು ವೈದ್ಯರಿಗೆ ಹೆಚ್ಚು ಹೊತ್ತಿನ ಕೆಲಸವಲ್ಲ. ಮನೆಯಲ್ಲಿ ಉಗುರು ಕತ್ತರಿಯಿಂದ ಮಾಡಲು ಹೋದರೆ ಹಲ್ಲು ಉದ್ದಕ್ಕೆ ಸೀಳುತ್ತದೆ. ಇನ್ನು ಕೆಲವು ಮುದಿ ಇಲಿಗಳು ಮೆದುಳಿನ ಬುಡದ ಗಂಟಿನಿಂದಾಗಿ ಮುಂಗೈಯಲ್ಲಿ ತಿನಿಸು ಹಿಡಿಯಲಾರವು. ಆಸೆಯಿರುತ್ತದೆ, ಕೈ ಕೇಳುವುದಿಲ್ಲ. ಅಂಥದ್ದಕ್ಕೆ ತಟ್ಟೆಯಲ್ಲಿ ಮೆತ್ತನೆಯದು ಇಟ್ಟರೆ ತಾನೇ ನೆಕ್ಕುತ್ತದೆ.

ಯಾರ ಬಳಿಗೆ ಹೋಗಬೇಕು? ಈ ವಿಷಯದಲ್ಲಿ ಬೀದರಿನವರು ಅದೃಷ್ಟವಂತರು. ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದೇ ನಗರದ ನಂದಿನಗರದಲ್ಲಿ, ಅದರ ಪಶುವೈದ್ಯಕೀಯ ಕಾಲೇಜೂ ಅಲ್ಲೇ. ಪಶುವೈದ್ಯ ಪದವಿಯಲ್ಲಿ ಪ್ರಯೋಗಾಲಯದ ಪ್ರಾಣಿಗಳ ಪಾಠವೂ ಇದೆ, ಇಲಿಯನ್ನು ಕಾಣದ ಪಶುವೈದ್ಯರಿಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೈಗೆ ದಿನವೂ ಸಿಗುವುದು ಮುನ್ನೂರು ಕಿಲೋ ಮೀರಿದ ದೇವಣಿ ಹಸು, ಎಮ್ಮೆ. ಇಲಿ ಅದರ ಸಾವಿರದ ಒಂದು ಪಾಲು. ಅದಕ್ಕೇ ತೂಕವನ್ನು ಗ್ರಾಂ ಲೆಕ್ಕದಲ್ಲಿ ಬರೆದುಕೊಂಡು ಹೋಗುವುದು ಮುಖ್ಯ, ಔಷಧದ ಅಳತೆ ಅದರ ಮೇಲೆಯೇ ನಿಂತಿದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನವೂ ಒಂದೇ ಹೊತ್ತಿಗೆ ತೂಗಿ, ಎಷ್ಟು ಕುಡಿಯಿತು, ಎಷ್ಟು ತಿಂದಿತು, ಹಿಕ್ಕೆ ಹಾಕಿತೇ ಎಂದು ಚೀಟಿಯಲ್ಲಿ ಬರೆಯಬೇಕು. ತೂಕ ನೂರಕ್ಕೆ ಹತ್ತು ಇಳಿದರೆ ಅವತ್ತೇ ಹೊರಡಬೇಕು. ಪ್ಯಾರಾಸಿಟಮಾಲಿನಂಥ ಮನುಷ್ಯರ ಗುಳಿಗೆಯನ್ನು ಅಂದಾಜಿನಲ್ಲಿ ಮುರಿದು ಹಾಕುವುದು ಮಾತ್ರ ಬೇಡವೇ ಬೇಡ.

ಬೀದರಿಗೆ ಬರಲು ಭಾಲ್ಕಿಯಿಂದಲಾದರೆ ರೈಲೂ ಇದೆ, ಔರಾದಿನಿಂದ ಬಸ್ಸೇ ಗತಿ. ಎರಡೂ ಕಡೆಯಿಂದ ಹೆಚ್ಚುಕಡಿಮೆ 40 ಕಿಲೋಮೀಟರ್. ಗಾಳಿಯಾಡುವ ತೂತಿರುವ ಸಣ್ಣ ಡಬ್ಬಿ, ಒಳಗೆ ಅದರ ವಾಸನೆಯ ಹಳೆ ಬಟ್ಟೆ, ಸೌತೆಯ ಒಂದು ಹೋಳು. ಜೊತೆಗಾರ ಇಲಿಯಿದ್ದರೆ ಅದನ್ನೂ ಒಟ್ಟಿಗೆ ಒಯ್ಯುವುದು ಒಳ್ಳೆಯದು. ಇಲಿ ಒಂಟಿಯಾದರೆ ಕಂಗೆಡುತ್ತದೆ. ಅಂಟುಜಾಡ್ಯವೆಂದು ವೈದ್ಯರು ಹೇಳಿದರೆ ಬೇರೆ ಮಾತು. ಬೇಸಿಗೆಯಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು.

ಮನೆಯವರ ಕ್ಷೇಮವನ್ನೂ ಮರೆಯುವಂತಿಲ್ಲ. ಇಲಿ ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಜ್ವರ, ಗಂದೆ, ಕೀಲುನೋವು ಕಂಡರೆ ಇಲಿ ಕಚ್ಚಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಇಲಿಕಡಿತದ ಜ್ವರಕ್ಕೆ ಮದ್ದಿದೆ, ಮುಚ್ಚಿಟ್ಟರೆ ತೊಂದರೆ. 1994ರಲ್ಲಿ ಬೀಡ್ ಜಿಲ್ಲೆಯ ಮಾಮ್ಲಾದಲ್ಲಿ ಪ್ಲೇಗಿನ ಸುದ್ದಿ ಎದ್ದಾಗ ಗಡಿಯೀಚೆಗಿನ ನಮ್ಮ ಜಿಲ್ಲೆಗಳೂ ನಡುಗಿದ್ದವು. ಆ ಭಯ ಸುಮ್ಮನೆ ಬಂದದ್ದಲ್ಲ. ಆದರೆ ಅದು ಹೊರಗಿನ ಇಲಿಗಳ ಮಾತು. ಸಾಕಿದ ಇಲಿಯ ಗೂಡಿಗೆ ಹೊರಗಿನ ಇಲಿ ಬಾರದಂತೆ, ಅದರ ಉಚ್ಚೆ ತಾಗದಂತೆ ನೋಡಿಕೊಂಡರೆ ಹೆಚ್ಚಿನ ಅಪಾಯ ದೂರವಾಗುತ್ತದೆ.

ಎಷ್ಟು ದಿನ ಹೀಗೆ ಉಣಿಸುವುದು? ಇಲಿಯ ಆಯುಷ್ಯವೇ ಎರಡರಿಂದ ಮೂರು ವರ್ಷ. ಔಷಧ ಹಿಡಿದು ಎರಡು ಮೂರು ದಿನದಲ್ಲಿ ತಾನಾಗಿ ನೆಕ್ಕಲು ಶುರು ಮಾಡಿದರೆ ಮುಂದುವರಿಸಬೇಕು. ತೂಕ ಇಳಿಯುತ್ತಲೇ ಇದ್ದು, ಉಸಿರಿಗೆ ಹೊಟ್ಟೆ ಎತ್ತಿ ಹಾಕುತ್ತ, ಸಿರಿಂಜು ಕಂಡರೆ ಮುಖ ತಿರುಗಿಸಿದರೆ, ಅದಕ್ಕೆ ಬಲವಂತವಾಗಿ ತುರುಕುವುದು ಉಪಚಾರವಲ್ಲ. ನೋವಿಲ್ಲದ ಸಾವು ಕೊಡಿಸುವ ಮಾತನ್ನು ವೈದ್ಯರ ಬಳಿ ಎತ್ತಲು ಸಂಕೋಚಪಡಬೇಕಿಲ್ಲ. ಆ ಸುಯ್ಯುವ ಜೀವವನ್ನು ವಾರಗಟ್ಟಲೆ ಡಬ್ಬಿಯಲ್ಲಿಟ್ಟು ನೋಡುತ್ತ ಕೂರುವುದಕ್ಕಿಂತ ಅದು ಮೇಲು.

ಕೇಳುಗರಲ್ಲಿ ಒಂದು ವಿನಂತಿ. ಇಲಿ ಸಾಕಿದವರು ಸೂಜಿ ಬಿಚ್ಚುವ 1 ಮಿಲಿಲೀಟರಿನ ಎರಡು ಸಿರಿಂಜು, ಓಆರ್‌ಎಸ್‌ನ ಎರಡು ಸಣ್ಣ ಪೊಟ್ಟಣ, ಗ್ರಾಂ ತೋರಿಸುವ ತಕ್ಕಡಿ ಇವನ್ನು ಇವತ್ತೇ ತಂದಿಡಿ, ಹತ್ತಿರದ ಪಶು ಆಸ್ಪತ್ರೆಯ ಹೊತ್ತನ್ನು ಕೇಳಿಟ್ಟುಕೊಳ್ಳಿ. ನಂದಿನಗರದ ವಿಶ್ವವಿದ್ಯಾಲಯದವರಲ್ಲೂ ಒಂದು ಕೋರಿಕೆ: ಇಲಿ, ಮೊಲ, ಗಿಳಿಯಂಥ ಸಣ್ಣ ಪ್ರಾಣಿಗಳ ಮನೆ ಉಪಚಾರದ ಬಗ್ಗೆ ಹತ್ತು ಪುಟದ ಒಂದು ಕನ್ನಡ ಕೈಪಿಡಿ ಅಚ್ಚು ಹಾಕಿಸಿ, ಭಾಲ್ಕಿ, ಔರಾದಿನ ಆಸ್ಪತ್ರೆಗಳಲ್ಲಿ ಸಿಗುವಂತೆ ಮಾಡಿ.